ಎರಡು ಗೋದಾಮು

ಹಿರಿಯಡ್ಕದ ನಮ್ಮ ಗೇರುಬೀಜದ ಫ್ಯಾಕ್ಟರಿಗೆ
ಗೋದಾಮು ಎರಡು. ಎರಡರ ಬೀಗದ ಕೈಯೂ ನನ್ನ ಸೊಂಟದಲ್ಲಿ.
ಮೂಡು ಬದಿಯದರಲ್ಲಿ ಬೀಜ, ಗೋಣಿಯ ಮೇಲೆ ಗೋಣಿ.
ಪಡು ಬದಿಯದರಲ್ಲಿ ತಿರುಳು, ಡಬ್ಬಿಯ ಮೇಲೆ ಡಬ್ಬಿ.

ಮೂಡು ಗೋಡೆಯಲ್ಲಿ, ಮಾಡಿನ ಹತ್ತಿರ, ಒಂದು ಕಿಟಕಿ.
ಮೇ ತಿಂಗಳ ಕೊನೆಗೆ ಗೋಣಿಗಳು ಅದನ್ನು ಮುಚ್ಚಿಬಿಡುತ್ತವೆ.
ನಾನು ಟಾರ್ಚು ಹಿಡಿದು ಎಣಿಸುತ್ತೇನೆ;
ಹೊರಗೆ ಬೀಜ ಒಡೆಯುವ ಹೆಂಗಸರು
ನಿಶ್ಚಿಂತೆಯಿಂದ ಒಬ್ಬರನ್ನೊಬ್ಬರು ಬಯ್ಯುತ್ತಾರೆ.
ಕತ್ತಲು ಇದ್ದರೆ ಕೆಲಸ ಉಂಟು.
ಬೆಳಕು ಬಿತ್ತೋ,
ಮೊದಲು ಒಂದು ಗೆರೆ, ಆಮೇಲೆ ಒಂದು ಚೌಕ,
ಅದು ಇಳಿದಿಳಿದು ಸಿಮೆಂಟು ನೆಲ ಮುಟ್ಟಿತೋ,
ಶಾಲೆಯ ಫೀಸು ಮುಂದಿನ ತಿಂಗಳಿಗೆ.

ಪಡು ಗೋದಾಮಿನ ಲೆಕ್ಕವೇ ಬೇರೆ.
ಅಲ್ಲಿ ಖಾಲಿ ನೆಲ ಕಂಡರೆ ಧನಿಗಳು ಶಿಳ್ಳೆ ಹಾಕುತ್ತಾರೆ.
ಇಷ್ಟು ತಿಳಿಯಲು ನನಗೆ ಮೂರು ಮಳೆಗಾಲ ಬೇಕಾಯಿತು.

ಧನಿಗಳು, ವಾಮನ ಕಾಮತರು, ಹೇಳುವುದು:
"ಸೆವ್ರಿನ್ ಬಾಯಿ, ಬೀಜ ಬೀಳುವುದು ಮೂರು ತಿಂಗಳು,
ಬಾಯಿ ಆಡುವುದು ಹನ್ನೆರಡು ತಿಂಗಳು.
ನಡುವಿನ ಒಂಬತ್ತನ್ನು ಹೊರುವುದಕ್ಕೆ ಈ ಗೋಡೆ.
ಕಮ್ಮಿ ಕೊಂಡರೆ ಬಾಯ್ಲರು ತಣಿಯುತ್ತದೆ,
ಹೆಚ್ಚು ಕೊಂಡರೆ ಬಡ್ಡಿ ತಿನ್ನುತ್ತದೆ.
ಇಲಿಗಾದರೂ ರಾತ್ರಿ ಮಾತ್ರ ಹಸಿವು."

ತಿಂಗಳಿಗೊಮ್ಮೆ ಬ್ಯಾಂಕಿನ ಹುಡುಗ ಬರುತ್ತಾನೆ.
ಹೊರಸಾಲು ಎಣಿಸುತ್ತಾನೆ.
ಒಳಸಾಲನ್ನು ನನ್ನ ಮುಖ ನೋಡಿ ಬರೆದುಕೊಳ್ಳುತ್ತಾನೆ.

ಆ ವರ್ಷ ಅಷ್ಟಮಿಯ ಹೊತ್ತಿಗೆ ಫೋನು ನಿಂತಿತು.
ಮುಂಬಯಿಯ ದಲಾಲಿ "ಆಮೇಲೆ" ಅಂದ.
ದುಬೈಯವರು ಅಷ್ಟೂ ಅನ್ನಲಿಲ್ಲ.
ಮುನ್ನೂರಿಪ್ಪತ್ತರ ಡಬ್ಬಿ ಮಾಡಿಗೆ ಮುಟ್ಟಿತು,
ಇನ್ನೂರನಲವತ್ತು ಬಾಗಿಲಿಗೆ,
ಅರೆ, ತುಂಡು, ನುಚ್ಚು ಎಲ್ಲ ನಾನು ನಡೆಯುವ ದಾರಿಗೆ.
ಎರಡು ಗೋದಾಮೂ ಒಟ್ಟಿಗೆ ಕತ್ತಲಾದದ್ದು ಅದೇ ಮೊದಲು.

ಮೂಡು ಕಿಟಕಿ ಮುಚ್ಚಿದೆ ಎಂದು ಹೆಂಗಸರು ನಗುತ್ತಿದ್ದರು.
ಪಡು ಬಾಗಿಲು ಅವರಿಗೆ ತೆರೆಯುವುದಿಲ್ಲ.

ವಾರಿಜಕ್ಕ ಮಾತ್ರ ನನ್ನ ಮೇಜಿನ ಹತ್ತಿರ ನಿಂತಳು,
ಸಿಪ್ಪೆಯ ಎಣ್ಣೆಗೆ ಕಪ್ಪಾದ ಬೆರಳು ಸೆರಗಿಗೆ ಒರೆಸುತ್ತ.
"ಬಾಯಿ, ಡಬ್ಬಿ ಹೋಗ್ತಾ ಉಂಟಾ?"
ಲೆಕ್ಕ ಹೊರಗೆ ಹೇಳಲಿಕ್ಕಿಲ್ಲ, ಅಂದೆ.
"ಹೇಳುವುದು ಬೇಡ.
ಗೇಟಿನ ಹತ್ತಿರ, ಲಾರಿ ತಿರುಗುವಲ್ಲಿ,
ಹುಲ್ಲು ಬಂದಿದೆ."

ನಾನು ಏನೂ ಹೇಳಲಿಲ್ಲ.
ರಿಜಿಸ್ಟರನ್ನು ಅವಳ ಕಡೆ ತಿರುಗಿಸಿದೆ.
ನೀರು ಕುಡಿಯಲು ಎದ್ದುಹೋದೆ.

ವಾರಕ್ಕೆ ಮೂರೇ ದಿನ ಕೆಲಸ ಎಂದು
ಧನಿಗಳು ಬೋರ್ಡು ಹಾಕಿದ್ದು ಸೋಮವಾರ.
ಒಳಗೆ ಎಷ್ಟು ಲೆಕ್ಕ ಹಾಕಿದ್ದರೋ, ಎಷ್ಟು ರಾತ್ರಿ;
ಮುಚ್ಚಲಿಲ್ಲ, ಅದು ಅವರ ದೊಡ್ಡತನ.
ವಾರಿಜಕ್ಕ ಮಾತ್ರ ಗುರುವಾರವೇ
ಅನ್ನಕ್ಕೆ ಅರ್ಧ ಪಾವು ಅಕ್ಕಿ ಕಮ್ಮಿ ಹಾಕಿದ್ದಳು,
ಚೀಟಿಯ ಹಣ ಎತ್ತದೆ ಬಿಟ್ಟಿದ್ದಳು,
ಉಪ್ಪುನೀರಿನ ಹಲಸಿನ ತೊಳೆಯ ಭರಣಿಗೆ
ಬಾಯಿಬಟ್ಟೆ ಇನ್ನೊಂದು ಸುತ್ತು ಬಿಗಿದಿದ್ದಳು.
"ನಮ್ಮದೂ ಗೋದಾಮೇ ಅಲ್ವಾ ಬಾಯಿ" ಅಂದಳು,
"ಬ್ಯಾಂಕಿನವ ಎಣಿಸಲಿಕ್ಕೆ ಬರುವುದಿಲ್ಲ, ಅಷ್ಟೇ."

ದೀಪಾವಳಿಗೆ ಒಂಬತ್ತು ದಿನ ಇರುವಾಗ, ನಷ್ಟದ ರೇಟಿಗೆ,
ಎರಡು ಲಾರಿ ಬಂತು. ಹುಲ್ಲು ಹೋಯಿತು.

ಇವತ್ತು ಮಾರ್ಚ್ ಏಳು. ಮೂಡು ಗೋದಾಮಿನಲ್ಲಿ
ಬೆಳಕು ನೆಲ ಮುಟ್ಟಿ ಮೂರು ದಿನ.
ಅಂಗಳದಲ್ಲಿ ಹೊಸ ಬೀಜದ ಮೊದಲ ಗೋಣಿ ತಕ್ಕಡಿ ಏರುತ್ತಿದೆ.
ಆಡಿಟಿನವನು ಹಳೆಯ ಪುಟ ತೆರೆದು ಕೇಳುತ್ತಾನೆ,
ಇದೇನು, ಈ ಅಂಕಿ ಎಂಟೋ, ಮೂರೋ?
ಅದರ ಮೇಲೆ ಒಂದು ಕಪ್ಪು ಬೆರಳಿನ ಗುರುತು.
ಎಂಟು, ಅನ್ನುತ್ತೇನೆ.
ಒರೆಸಲು ನೋಡುತ್ತಾನೆ.
ಗೇರೆಣ್ಣೆ ಅದು, ಹೋಗುವುದಿಲ್ಲ.